ರೋಮಿನ ಕೈಕೆಳಗಿನ ಅರಸು ಮನೆತನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರೋಮ್ ಎಂದೊಡನೆ ನಮಗೆ ನೆನಪಾಗುವುದು ಚಕ್ರವರ್ತಿಗಳು, ಸೇನಾಪತಿಗಳು, ಸೆನೆಟ್ ಸಭೆ. ಆದರೆ ಕ್ರಿ.ಪೂ. ಒಂದನೆಯ ಶತಮಾನದಿಂದ ಕ್ರಿ.ಶ. ಎರಡನೆಯ ಶತಮಾನದ ಆರಂಭದವರೆಗೆ ಆ ಸಾಮ್ರಾಜ್ಯದ ಅಂಚಿನುದ್ದಕ್ಕೂ ಪುಟ್ಟ ಪುಟ್ಟ ಅರಸರು ಆಳುತ್ತಿದ್ದರು. ಉತ್ತರ ಆಫ್ರಿಕದ ಮೌರಿಟೇನಿಯ, ಈಗಿನ ಟರ್ಕಿಯೊಳಗಿರುವ ಕಪಡೋಶಿಯ, ಪೊಂಟಸ್ ಮತ್ತು ಕೊಮಗೀನಿ, ಸಿರಿಯದ ಎಮೆಸಾ, ಯೆಹೂದಿಗಳ ಯೂದಾಯ, ಅರಬ್ಬರ ನಬತಾಯ, ಆಲ್ಪ್ಸ್ ಕಣಿವೆಗಳು, ದೂರದ ಬ್ರಿಟನ್. ಇವರನ್ನು ಬೇರೆ ಬೇರೆ ದೇಶಗಳ ರಾಜರೆಂದು ಓದಿದಷ್ಟು ದಿನ ನನಗೆ ಹೆಸರುಗಳ ಗೋಜಲಷ್ಟೇ ಕಂಡಿತು. ಬೀಗರು, ಅಳಿಯಂದಿರು, ಸೊಸೆಯರು, ಸಾಕುಮಕ್ಕಳು ತುಂಬಿದ ಒಂದೇ ದೊಡ್ಡ ಕುಟುಂಬವೆಂದು ಓದತೊಡಗಿದ ಮೇಲೆ ಆ ಗೋಜಲು ಬಿಡಿಸಿಕೊಂಡಿತು. ಮುಂದಿನ ಉತ್ತರಗಳನ್ನೆಲ್ಲ ಬರೆದಿರುವುದು ಈ ದೃಷ್ಟಿಯಿಂದಲೇ.

ಇವರನ್ನು ಸಾಮಂತರೆಂದು ಕರೆಯಬಹುದೇ?

ಕನ್ನಡದಲ್ಲಿ ಹತ್ತಿರದ ಪದ ಅದೇ, ಬಳಸಬಹುದು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ನಮ್ಮ ನಾಡಿನಲ್ಲಿ ಸಾಮಂತ ಸಾರ್ವಭೌಮನಾಗಬಹುದಿತ್ತು. ಬಾದಾಮಿ ಚಾಲುಕ್ಯರ ಸಾಮಂತನಾಗಿದ್ದ ದಂತಿದುರ್ಗ ರಾಷ್ಟ್ರಕೂಟ ಸಾಮ್ರಾಜ್ಯಕ್ಕೆ ಅಡಿಪಾಯ ಹಾಕಿದ. ಮುಂದೆ ರಾಷ್ಟ್ರಕೂಟರ ಸಾಮಂತನಾಗಿದ್ದ ತೈಲಪ 973ರಲ್ಲಿ ಅವರನ್ನೇ ಕೆಳಗಿಳಿಸಿದ. ರೋಮಿನ ಅಧೀನದ ಯಾವ ಅರಸನಿಗೂ ಅಂಥ ಕನಸು ಕಾಣುವ ಅವಕಾಶವಿರಲಿಲ್ಲ. ಕಪಡೋಶಿಯದ ರಾಜ ಎಷ್ಟೇ ಬಲಿತರೂ ರೋಮಿನ ಚಕ್ರವರ್ತಿಯಾಗಲಾರ.

ರೋಮನ್ನರು ಅಧಿಕೃತವಾಗಿ ಬಳಸುತ್ತಿದ್ದ ಮಾತು ‘ರೋಮನ್ ಜನತೆಯ ಮಿತ್ರ ಮತ್ತು ಸಂಗಾತಿ’. ‘ಕ್ಲಿಯೆಂಟ್ ರಾಜ’ ಎಂಬುದು ಈಚಿನ ಇತಿಹಾಸಕಾರರು ಹಾಕಿದ ಹೆಸರು. ರೋಮಿನಲ್ಲಿ ಕ್ಲಿಯೆಂಟ್ ಎಂದರೆ ದೊಡ್ಡ ಮನುಷ್ಯನ ಆಶ್ರಯದಲ್ಲಿರುವವನು, ಬೆಳಗಾದರೆ ಅವನ ಬಾಗಿಲಿಗೆ ಹೋಗಿ ನಮಸ್ಕರಿಸಿ ಬರುವವನು. ಮೊದಲ ಚಕ್ರವರ್ತಿ ಆಗಸ್ಟಸ್‌ನ ಕಾಲದಲ್ಲಿ ಎಷ್ಟೋ ಅರಸರು ತಮ್ಮ ರಾಜ್ಯ ಬಿಟ್ಟು ಬಂದು, ರಾಜಚಿಹ್ನೆಗಳನ್ನೆಲ್ಲ ತೆಗೆದಿಟ್ಟು, ಸಾಮಾನ್ಯ ರೋಮನ್ನರ ಟೋಗಾ ಹೊದ್ದು ಹೀಗೆಯೇ ಅವನ ಹಿಂದೆ ಓಡಾಡುತ್ತಿದ್ದರೆಂದು ಚಕ್ರವರ್ತಿಗಳ ಚರಿತ್ರೆ ಬರೆದ ಸ್ವೆಟೋನಿಯಸ್ ಹೇಳುತ್ತಾನೆ. ಆದ್ದರಿಂದ ಆಧುನಿಕ ಹೆಸರಾದರೂ ಅದು ಸರಿಯಾಗಿಯೇ ಹೊಂದುತ್ತದೆ.

ಅಷ್ಟು ದೊಡ್ಡ ಸೈನ್ಯವಿದ್ದೂ ರೋಮ್ ಈ ರಾಜ್ಯಗಳನ್ನು ನೇರವಾಗಿ ಏಕೆ ಆಳಲಿಲ್ಲ?

ಖರ್ಚು, ತಲೆನೋವು ಎರಡೂ ಉಳಿಯುತ್ತಿದ್ದವು. ಗುಡ್ಡಗಾಡಿನ ಬುಡಕಟ್ಟುಗಳನ್ನು ಹತೋಟಿಯಲ್ಲಿಡಬೇಕು, ಅಲ್ಲಿನ ದೇವರುಗಳನ್ನು ಅರಿತಿರಬೇಕು, ಊರೂರಿನ ಜಗಳ ಬಗೆಹರಿಸಬೇಕು. ರೋಮಿನಿಂದ ಒಂದೆರಡು ವರ್ಷಕ್ಕೆಂದು ಬರುವ ಅಧಿಕಾರಿಗೆ ಇದು ಸಾಧ್ಯವಾಗದ ಕೆಲಸ. ಅಲ್ಲೇ ಬೇರು ಬಿಟ್ಟ ಮನೆತನ ಅದನ್ನು ಸಲೀಸಾಗಿ ಮಾಡುತ್ತಿತ್ತು. ಯೂಫ್ರೆಟಿಸ್ ನದಿಯಾಚೆಯ ಎದುರಾಳಿಗಳಾದ ಪಾರ್ಥಿಯನ್ನರಿಗೂ ರೋಮನ್ ಪ್ರಾಂತಗಳಿಗೂ ನಡುವೆ ಇಂಥ ರಾಜ್ಯಗಳು ತಡೆಗೋಡೆಯಾಗಿಯೂ ನಿಂತಿದ್ದವು. ಅರಸರನ್ನೂ ದಾಸ್ಯದ ಸಾಧನಗಳನ್ನಾಗಿ ಬಳಸುವುದು ರೋಮಿನ ಹಳೆಯ ವಾಡಿಕೆಯೆಂದು ಇತಿಹಾಸಕಾರ ಟ್ಯಾಸಿಟಸ್ ಬ್ರಿಟನ್ನಿನ ಒಬ್ಬ ರಾಜನ ವಿಚಾರದಲ್ಲಿ ಬರೆದಿದ್ದಾನೆ. ಸ್ವತಃ ರೋಮನ್ ಸೆನೆಟರನಾಗಿದ್ದವನ ಬಾಯಿಂದ ಬಂದ ಈ ಮಾತಿಗೆ ತೂಕವಿದೆ.

ಪಟ್ಟ ತಂದೆಯಿಂದ ಮಗನಿಗೆ ತಾನಾಗಿಯೇ ಬರುತ್ತಿತ್ತೇ?

ಇಲ್ಲ. ಈ ಇಡೀ ಕಥೆಯ ಗಂಟು ಇರುವುದು ಇಲ್ಲೇ. ನಮ್ಮ ಶಾಸನಗಳಲ್ಲಿ ದಾನವನ್ನು ‘ಆಚಂದ್ರಾರ್ಕ’, ಅಂದರೆ ಸೂರ್ಯಚಂದ್ರರಿರುವ ತನಕ ಎಂದು ಕೊಡುತ್ತಿದ್ದರಲ್ಲ, ರೋಮ್ ಹಾಗೆ ಕೊಡುತ್ತಿರಲಿಲ್ಲ. ಕೊಟ್ಟದ್ದು ಆ ಮನುಷ್ಯನಿಗೇ ಹೊರತು ಅವನ ವಂಶಕ್ಕಲ್ಲ. ರಾಜ ಸತ್ತಾಗ ಮಗನಿಗೆ ಕೊಡಬಹುದು, ಬೇರೆ ಮನೆತನದವನನ್ನು ಕೂರಿಸಬಹುದು, ರಾಜ್ಯವನ್ನು ಹೋಳು ಮಾಡಬಹುದು, ಇಲ್ಲವೇ ಪ್ರಾಂತವಾಗಿ ಮಾಡಿಕೊಳ್ಳಬಹುದು. ಹೀಗಾಗಿ ಪ್ರತಿ ಮನೆತನವೂ ಪ್ರತಿ ತಲೆಮಾರಿನಲ್ಲಿ ತನ್ನ ಸಿಂಹಾಸನವನ್ನು ಹೊಸದಾಗಿ ಸಂಪಾದಿಸಬೇಕಿತ್ತು.

ರಾಜವಂಶದ ರಕ್ತವೂ ಕಡ್ಡಾಯವಾಗಿರಲಿಲ್ಲ. ಪೊಂಟಸ್‌ನ ಮೊದಲನೆಯ ಪೊಲೆಮೊನ್ ಲವೊಡಿಕೇಯದ ಜೆನೊ ಎಂಬ ವಾಗ್ಮಿಯ ಮಗ. ರೋಮಿನ ಸೇನಾಪತಿ ಮಾರ್ಕ್ ಆಂಟನಿ ಅವನನ್ನು ಅರಸನನ್ನಾಗಿ ಮಾಡಿದ. ಯೂದಾಯದ ಹೆರೋದನೂ ರಾಜಕುಮಾರನಲ್ಲ, ಅವನನ್ನು ರಾಜನೆಂದು ಘೋಷಿಸಿದ್ದು ಕ್ರಿ.ಪೂ. 40ರಲ್ಲಿ ರೋಮಿನ ಸೆನೆಟ್.

ಆಂಟನಿ ಸೋತ ಮೇಲೆ ಹೆರೋದ ಮಾಡಿದ್ದನ್ನು ನೋಡಿ. ಅವನು ಆಂಟನಿಯ ಆಪ್ತ ಮಿತ್ರ. ಕ್ರಿ.ಪೂ. 31ರಲ್ಲಿ ಆಕ್ಟಿಯಂ ಕದನದಲ್ಲಿ ಗೆದ್ದವನು ಆಕ್ಟೇವಿಯನ್, ಅಂದರೆ ಮುಂದಿನ ಆಗಸ್ಟಸ್. ಮರುವರ್ಷ ಹೆರೋದ ರೋಡ್ಸ್ ದ್ವೀಪಕ್ಕೆ ಹೋಗಿ, ತಲೆಯ ಮೇಲಿನ ರಾಜಪಟ್ಟಿಯನ್ನು ತೆಗೆದಿಟ್ಟು ಅವನೆದುರು ನಿಂತ. ಕ್ಷಮೆ ಕೇಳಲಿಲ್ಲ, ಆಂಟನಿಯ ಗೆಳೆತನವನ್ನು ಮುಚ್ಚಿಡಲಿಲ್ಲ. ನಾನು ಯಾರ ಗೆಳೆಯನಾಗಿದ್ದೆ ಎಂಬುದನ್ನು ಬಿಡು, ಎಂಥ ಗೆಳೆಯನಾಗಿದ್ದೆ ಎಂಬುದನ್ನು ನೋಡು ಎಂಬರ್ಥದ ಮಾತನಾಡಿದ. ಪಟ್ಟ ಮತ್ತೆ ಅವನ ತಲೆಗೇ ಬಂತು. ಹೆರೋದನ ಕ್ರೌರ್ಯವನ್ನು ನಾನು ಎಂದೂ ಸಮರ್ಥಿಸಲಾರೆ, ಆದರೂ ಆ ದಿನದ ಅವನ ಧೈರ್ಯವನ್ನು ಒಪ್ಪಲೇಬೇಕು.

ಈ ರಾಜರ ಮಕ್ಕಳು ರೋಮಿನಲ್ಲಿ ಏಕೆ ಬೆಳೆಯುತ್ತಿದ್ದರು?

ಒತ್ತೆಯಾಳುಗಳಾಗಿ ಎಂಬುದು ಅರ್ಧ ಉತ್ತರ. ಆಗಸ್ಟಸ್ ಅಧೀನ ರಾಜರ ಅನೇಕ ಮಕ್ಕಳನ್ನು ತನ್ನ ಮನೆಯ ಮಕ್ಕಳ ಜೊತೆಗೇ ಸಾಕಿದ, ಓದಿಸಿದ. ಚಿಕ್ಕ ವಯಸ್ಸಿನ ಅರಸರಿಗೆ ಪೋಷಕರನ್ನು ನೇಮಿಸಿದ, ಅವರವರಲ್ಲೇ ಮದುವೆ ಕುದುರಿಸಿದ. ಮಗು ಊರಿಗೆ ಮರಳುವ ಹೊತ್ತಿಗೆ ಅದರ ಮಾತು, ಊಟ, ಗೆಳೆತನ ಎಲ್ಲವೂ ರೋಮಿನದೇ ಆಗಿರುತ್ತಿತ್ತು. ಸೈನ್ಯ ಕಳುಹಿಸಿ ಗೆಲ್ಲುವುದಕ್ಕಿಂತ ಇದು ಎಷ್ಟೋ ಆಳವಾದ ಗೆಲುವು.

ಈ ವ್ಯವಸ್ಥೆಯ ನಡುಮನೆಯಲ್ಲಿ ಕುಳಿತಿದ್ದವರು ಇಬ್ಬರು ಹೆಂಗಸರು: ಆಗಸ್ಟಸ್‌ನ ಅಕ್ಕ ಆಕ್ಟೇವಿಯಾ, ಅವಳ ಮಗಳು ಆಂಟೋನಿಯಾ. ಆಂಟೋನಿಯಾಳ ತಂದೆ ಮಾರ್ಕ್ ಆಂಟನಿ, ಮಗ ಚಕ್ರವರ್ತಿ ಕ್ಲಾಡಿಯಸ್, ಮೊಮ್ಮಗ ಕ್ಯಾಲಿಗುಲ. ಹೆರೋದನ ಮೊಮ್ಮಗ ಅಗ್ರಿಪ್ಪನ ತಾಯಿ ಬೆರ್ನಿಕೆ ಆಂಟೋನಿಯಾಳ ಗೆಳತಿ. ಅಗ್ರಿಪ್ಪ ಬೆಳೆದದ್ದು ಚಕ್ರವರ್ತಿ ಟೈಬೀರಿಯಸ್‌ನ ಮಗ ಡ್ರೂಸಸ್‌ನ ಒಡನಾಟದಲ್ಲಿ. ದೊಡ್ಡವನಾದ ಮೇಲೆ ಅವನು ಮೈತುಂಬ ಸಾಲ ಮಾಡಿಕೊಂಡಾಗ ಹಣ ಕೊಟ್ಟು ಕಾಪಾಡಿದವಳೂ ಇದೇ ಆಂಟೋನಿಯಾ.

ಒಮ್ಮೆ ರಥದಲ್ಲಿ ಹೋಗುವಾಗ ಅಗ್ರಿಪ್ಪ ಕ್ಯಾಲಿಗುಲನಿಗೆ, ನೀನು ಬೇಗ ಚಕ್ರವರ್ತಿಯಾಗಬೇಕು ಎಂದುಬಿಟ್ಟ. ರಥ ಹೊಡೆಯುತ್ತಿದ್ದವನು ಅದನ್ನು ಟೈಬೀರಿಯಸ್‌ಗೆ ಮುಟ್ಟಿಸಿದ. ಅಗ್ರಿಪ್ಪನಿಗೆ ಕಬ್ಬಿಣದ ಸರಪಳಿ ಬಿತ್ತು. ಕ್ರಿ.ಶ. 37ರಲ್ಲಿ ಟೈಬೀರಿಯಸ್ ಸತ್ತು ಕ್ಯಾಲಿಗುಲ ಪಟ್ಟಕ್ಕೆ ಬಂದಾಗ ಗೆಳೆಯನನ್ನು ಬಿಡಿಸಿ, ಆ ಕಬ್ಬಿಣದ ಸರಪಳಿಯಷ್ಟೇ ತೂಕದ ಚಿನ್ನದ ಸರಪಳಿಯೊಂದನ್ನು ಉಡುಗೊರೆಯಾಗಿ ಕೊಟ್ಟ, ರಾಜ್ಯವನ್ನೂ ಕೊಟ್ಟ. ಅಗ್ರಿಪ್ಪ ಆ ಸರಪಳಿಯನ್ನು ಯೆರೂಸಲೇಮಿನ ದೇವಾಲಯದಲ್ಲಿ ತೂಗುಹಾಕಿಸಿದ. ಈ ಅರಸರ ಬದುಕನ್ನು ಒಂದೇ ವಸ್ತುವಿನಲ್ಲಿ ತೋರಿಸು ಎಂದರೆ ನಾನು ತೋರಿಸುವುದು ಅದನ್ನೇ.

ಮೌರಿಟೇನಿಯ ಎಂದರೆ ಈಗಿನ ಮಾರಿಟೇನಿಯ ದೇಶವೇ?

ಅಲ್ಲ. ಹಳೆಯ ಮೌರಿಟೇನಿಯ ಈಗಿನ ಮೊರಾಕ್ಕೊ ಮತ್ತು ಅಲ್ಜೀರಿಯಗಳ ಉತ್ತರ ಭಾಗ. ಹೆಸರು ಮಾತ್ರ ಒಂದೇ.

ಈಜಿಪ್ಟಿನ ಕ್ಲಿಯೋಪಾತ್ರಳ ಮಕ್ಕಳು ಏನಾದರು?

ಜೂಲಿಯಸ್ ಸೀಸರನಿಂದ ಪಡೆದ ಹಿರಿಯ ಮಗ ಸಿಸೇರಿಯನ್‌ನನ್ನು ಆಕ್ಟೇವಿಯನ್ ಕ್ರಿ.ಪೂ. 30ರಲ್ಲಿ ಕೊಲ್ಲಿಸಿದ. ಆಂಟನಿಯಿಂದ ಪಡೆದ ಮೂವರು ಮಕ್ಕಳನ್ನು ರೋಮಿಗೆ ತಂದರು. ಇಬ್ಬರು ಗಂಡುಮಕ್ಕಳ ಹೆಸರು ಮುಂದೆ ದಾಖಲೆಗಳಿಂದ ಮರೆಯಾಗುತ್ತದೆ. ಉಳಿದು ರಾಣಿಯಾದವಳು ಮಗಳು, ಕ್ಲಿಯೋಪಾತ್ರ ಸೆಲೀನಿ. ಸೆಲೀನಿ ಎಂದರೆ ಗ್ರೀಕಿನಲ್ಲಿ ಚಂದ್ರ. ಅವಳ ಅವಳಿ ಸಹೋದರನ ಹೆಸರು ಅಲೆಕ್ಸಾಂಡರ್ ಹೀಲಿಯೊಸ್, ಅಂದರೆ ಸೂರ್ಯ.

ಕ್ರಿ.ಪೂ. 34ರಲ್ಲಿ, ಇನ್ನೂ ಆರು ವರ್ಷದ ಮಗುವಾಗಿದ್ದಾಗ, ಅಲೆಕ್ಸಾಂಡ್ರಿಯದಲ್ಲಿ ತಂದೆ ಅವಳನ್ನು ಈಗಿನ ಲಿಬಿಯದಲ್ಲಿರುವ ಸಿರೇನೈಕದ ರಾಣಿಯೆಂದು ಘೋಷಿಸಿದ್ದ. ಕ್ರಿ.ಪೂ. 29ರಲ್ಲಿ ಹನ್ನೊಂದರ ಹುಡುಗಿ ರೋಮಿನ ಬೀದಿಯಲ್ಲಿ ಆಕ್ಟೇವಿಯನ್‌ನ ವಿಜಯೋತ್ಸವದಲ್ಲಿ ನಡೆಯಬೇಕಾಯಿತು. ಸತ್ತ ತಾಯಿಯ ಪ್ರತಿಕೃತಿಯೂ ಅದೇ ಮೆರವಣಿಗೆಯಲ್ಲಿ ಸಾಗಿತ್ತು. ಆಮೇಲೆ ಅವಳನ್ನು ಸಾಕಿದ್ದು ಆಕ್ಟೇವಿಯಾ. ಅಂದರೆ ಕ್ಲಿಯೋಪಾತ್ರಳಿಗಾಗಿ ಆಂಟನಿ ಬಿಟ್ಟುಬಂದ ಹೆಂಡತಿ. ಸವತಿಯ ಮಕ್ಕಳನ್ನು ತನ್ನ ಮಕ್ಕಳೊಂದಿಗೆ ಬೆಳೆಸಿದ ಆ ತಾಯಿಯ ಬಗ್ಗೆ ಇತಿಹಾಸ ಇನ್ನಷ್ಟು ಬರೆದಿಡಬೇಕಿತ್ತು.

ಅದೇ ವಲಯದಲ್ಲಿ ಇನ್ನೊಬ್ಬ ಹುಡುಗನಿದ್ದ: ಉತ್ತರ ಆಫ್ರಿಕದ ನುಮಿಡಿಯದ ಅರಸ ಒಂದನೆಯ ಜೂಬಾನ ಮಗ, ಎರಡನೆಯ ಜೂಬಾ. ಕ್ರಿ.ಪೂ. 46ರಲ್ಲಿ ಥಾಪ್ಸಸ್ ಯುದ್ಧದಲ್ಲಿ ಸೋತು ತಂದೆ ಪ್ರಾಣ ಬಿಟ್ಟಾಗ ಇವನು ಹಸುಗೂಸು. ಸೀಸರ್ ತನ್ನ ವಿಜಯೋತ್ಸವದಲ್ಲಿ ಆ ಕೂಸನ್ನೂ ಮೆರೆಸಿದ. ಕ್ರಿ.ಪೂ. 25ರಲ್ಲಿ ಆಗಸ್ಟಸ್ ಅವನನ್ನು ಮೌರಿಟೇನಿಯದ ರಾಜನನ್ನಾಗಿ ಮಾಡಿದ. ಸೆಲೀನಿಯ ಕೈ ಹಿಡಿದವನು ಇವನೇ. ಗೆದ್ದವರ ಮೆರವಣಿಗೆಯಲ್ಲಿ ಸಾಗಿದ್ದ ಇಬ್ಬರು ಮಕ್ಕಳು ಗಂಡಹೆಂಡಿರಾಗಿ ಮೂರನೆಯ ನಾಡೊಂದನ್ನು ಆಳಿದರು. ಅದು ಇಬ್ಬರಿಗೂ ತವರಲ್ಲ.

ಅವರ ಬೆಳ್ಳಿ ನಾಣ್ಯವನ್ನು ಹತ್ತಿರದಿಂದ ನೋಡಬೇಕು. ಬೆರಳ ತುದಿಯಷ್ಟು ಅಗಲ, ಸುಮಾರು ಮೂರು ಗ್ರಾಂ ತೂಕ. ಒಂದು ಬದಿಯಲ್ಲಿ ರಾಜಪಟ್ಟಿ ಕಟ್ಟಿದ ಜೂಬಾನ ತಲೆ, ಲ್ಯಾಟಿನ್ ಲಿಪಿಯಲ್ಲಿ ‘ರೆಕ್ಸ್ ಜೂಬಾ’. ತಿರುಗಿಸಿದರೆ ಲಿಪಿ ಬದಲಾಗುತ್ತದೆ, ಭಾಷೆಯೂ ಬದಲಾಗುತ್ತದೆ: ಗ್ರೀಕಿನಲ್ಲಿ ‘ಬಸಿಲಿಸ್ಸಾ ಕ್ಲಿಯೋಪಾತ್ರ’, ಎಂದರೆ ರಾಣಿ ಕ್ಲಿಯೋಪಾತ್ರ. ಕೆಲವು ನಾಣ್ಯಗಳಲ್ಲಿ ಚಂದ್ರಕಲೆ, ಕೆಲವುಗಳಲ್ಲಿ ನೈಲ್ ನದಿಯ ಮೊಸಳೆ. ತಾಯಿಯ ರಾಜ್ಯ ಹೋಯಿತು, ಮನೆ ಹೋಯಿತು, ತಾಯಿಯ ಹೆಸರೇ ರೋಮಿನಲ್ಲಿ ಬೈಗುಳವಾಯಿತು. ಆದರೂ ಮಗಳು ಆಫ್ರಿಕದ ಇನ್ನೊಂದು ತುದಿಯಲ್ಲಿ ಕುಳಿತು ತಾಯಿಯ ಭಾಷೆಯನ್ನೂ ತಾಯಿನಾಡಿನ ಮೊಸಳೆಯನ್ನೂ ಬೆಳ್ಳಿಯಲ್ಲಿ ಅಚ್ಚು ಹಾಕಿಸಿದಳು. ಮಗನಿಗೆ ತವರಿನ ಹೆಸರಿಟ್ಟಳು: ಟಾಲೆಮಿ. ಇವರನ್ನು ಬರೀ ಕೈಗೊಂಬೆಗಳೆಂದು ತಳ್ಳಿಹಾಕುವವರಿಗೆ ನಾನು ಈ ನಾಣ್ಯವನ್ನು ಮುಂದಿಡುತ್ತೇನೆ.

ಜೂಬಾ ವಿದ್ವಾಂಸನಾಗಿದ್ದನೇ?

ಹೌದು. ಆಳ್ವಿಕೆಗಿಂತ ಪಾಂಡಿತ್ಯದಿಂದಲೇ ಅವನು ಹೆಸರಾದನೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಗ್ರೀಕಿನಲ್ಲಿ ಇತಿಹಾಸ, ಭೂಗೋಳ, ಸಸ್ಯ, ಚಿತ್ರಕಲೆ ಹೀಗೆ ಹಲವು ವಿಷಯಗಳ ಮೇಲೆ ಬರೆದ. ಒಂದು ಕೃತಿಯೂ ಇಡಿಯಾಗಿ ಉಳಿದಿಲ್ಲ. ನಮ್ಮ ಹೊಲದ ಬೇಲಿಗಳಲ್ಲಿ ಬೆಳೆಯುವ ಕಳ್ಳಿಯ ಕುಲಕ್ಕೆ ಸಸ್ಯಶಾಸ್ತ್ರದಲ್ಲಿರುವ ‘ಯುಫೋರ್ಬಿಯ’ ಎಂಬ ಹೆಸರು ಅವನಿಂದಲೇ ಬಂದದ್ದು. ಅಟ್ಲಾಸ್ ಬೆಟ್ಟದಲ್ಲಿ ಸಿಕ್ಕ ಗಿಡಕ್ಕೆ ತನ್ನ ವೈದ್ಯ ಯುಫೋರ್ಬಸ್‌ನ ಹೆಸರಿಟ್ಟ. ಕೆನರಿ ದ್ವೀಪಗಳ ವಿವರಗಳನ್ನೂ ಅವನು ಕಲೆಹಾಕಿಸಿದ್ದ. ಮೊರಾಕ್ಕೊ ಕರಾವಳಿಯ ದ್ವೀಪಗಳಲ್ಲಿ ಸಮುದ್ರದ ಬಸವನಹುಳುಗಳಿಂದ ಕೆನ್ನೀಲಿ ಬಣ್ಣ ತೆಗೆಯುವ ಉದ್ಯಮವನ್ನು ಕಟ್ಟಿದವನೂ ಇವನೇ. ಈ ಬಣ್ಣವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮದುವೆಗಳು ಈ ರಾಜ್ಯಗಳನ್ನು ಹೇಗೆ ಹೆಣೆದಿದ್ದವು? ಒಂದು ಉದಾಹರಣೆ ಕೊಡುತ್ತೀರಾ?

ಗ್ಲಾಫಿರಾ ಎಂಬವಳೊಬ್ಬಳ ಬದುಕು ಸಾಕು. ಕಪಡೋಶಿಯದ ಅರಸ ಆರ್ಕೆಲೌಸ್‌ನ ಮಗಳು. ಮೊದಲ ಗಂಡ ಹೆರೋದನ ಮಗ ಅಲೆಕ್ಸಾಂಡರ್. ಅಂದರೆ ಆರ್ಕೆಲೌಸ್ ಮತ್ತು ಹೆರೋದ ಬೀಗರು.

ಹೆರೋದನ ಅರಮನೆ ಅನುಮಾನದ ಗೂಡು. ಅವನು ಅಲೆಕ್ಸಾಂಡರನ ತಾಯಿ ಮರಿಯಮ್ನೆಯನ್ನು ಮೊದಲೇ ಕೊಲ್ಲಿಸಿದ್ದ. ಈಗ ಮಗನ ಮೇಲೂ ಸಂಶಯ ಹತ್ತಿತು. ಸುದ್ದಿ ಕೇಳಿ ಆರ್ಕೆಲೌಸ್ ಧಾವಿಸಿ ಬಂದ. ಬಂದವನು ಅಳಿಯನ ಪರ ವಹಿಸಲಿಲ್ಲ. ಎಲ್ಲಿ ಆ ದ್ರೋಹಿ, ನನ್ನ ಕೈಯಾರೆ ಕೊಲ್ಲುತ್ತೇನೆ, ಮಗಳನ್ನು ಈಗಲೇ ಕರೆದುಕೊಂಡು ಹೋಗುತ್ತೇನೆ ಎಂದು ಕೂಗಾಡಿದ. ಬೀಗನ ಈ ರೋಷ ಕಂಡು ಹೆರೋದನೇ ಕರಗಿ, ಮದುವೆ ಮುರಿಯಬೇಡ ಎಂದು ಮಗನ ಪರವಾಗಿ ಅಂಗಲಾಚುವಂತಾಯಿತು. ಕೊನೆಗೆ ಆರ್ಕೆಲೌಸ್‌ಗೆ ಎಪ್ಪತ್ತು ಟ್ಯಾಲೆಂಟ್ (ಆ ಕಾಲದ ಭಾರೀ ಮೊತ್ತದ ಅಳತೆ) ಹಣ, ರತ್ನಖಚಿತ ಚಿನ್ನದ ಪೀಠ ಕೊಟ್ಟು ಬೀಳ್ಕೊಟ್ಟ. ಮಗಳ ಸಂಸಾರ ಉಳಿಸಲು ತಂದೆಯೊಬ್ಬ ಹೂಡಿದ ಈ ನಾಟಕ ಕೆಲವು ವರ್ಷವಷ್ಟೇ ಫಲ ಕೊಟ್ಟಿತು. ಕ್ರಿ.ಪೂ. 7ರಲ್ಲಿ ಹೆರೋದ ಅಲೆಕ್ಸಾಂಡರನನ್ನೂ ಅವನ ತಮ್ಮ ಅರಿಸ್ಟೊಬ್ಯುಲಸ್‌ನನ್ನೂ ಕತ್ತು ಹಿಸುಕಿ ಕೊಲ್ಲಿಸಿದ.

ವಿಧವೆ ಗ್ಲಾಫಿರಾ ತವರಿಗೆ ಮರಳಿದಳು. ಆಮೇಲೆ ಅವಳನ್ನು ಮದುವೆಯಾದವನು ಮೌರಿಟೇನಿಯದ ಅದೇ ಜೂಬಾ. ಆ ಸಂಬಂಧವೂ ಮುರಿದ ಬಳಿಕ ಮೂರನೆಯವನಾಗಿ ಬಂದವನು ಮೊದಲ ಗಂಡನ ಮಲತಮ್ಮ ಅರ್ಖೆಲಾಯ. ಅವನಾಗ ಯೂದಾಯವನ್ನು ಆಳುತ್ತಿದ್ದ. ಅಣ್ಣನಿಂದ ಮಕ್ಕಳಿರುವ ಅತ್ತಿಗೆಯನ್ನು ಮದುವೆಯಾಗುವುದು ಯೆಹೂದಿ ಧರ್ಮಶಾಸ್ತ್ರಕ್ಕೆ ವಿರುದ್ಧ. ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿಟ್ಟಿರುವ ಪ್ರಕಾರ ಅವಳಿಗೊಂದು ಕನಸು ಬಿತ್ತು. ಸತ್ತ ಅಲೆಕ್ಸಾಂಡರ್ ಬಂದು ನಿಂತ. ಅವಳು ಸಂತೋಷದಿಂದ ಅಪ್ಪಿಕೊಂಡಳು. ಅವನು ಆಕ್ಷೇಪಿಸಿದ: ನನ್ನ ಮಕ್ಕಳ ತಾಯಿಯಾಗಿಯೂ ನನ್ನನ್ನು ಮರೆತೆ, ಎರಡನೆಯ ಮದುವೆ ಸಾಲದೆಂದು ನನ್ನ ತಮ್ಮನ ಮನೆಗೇ ಬಂದೆ, ಇರಲಿ, ನಿನ್ನನ್ನು ಮತ್ತೆ ನನ್ನವಳನ್ನಾಗಿ ಮಾಡಿಕೊಳ್ಳುತ್ತೇನೆ ಎಂದ. ಕನಸನ್ನು ಗೆಳತಿಯರಿಗೆ ಹೇಳಿದ ಕೆಲವೇ ದಿನಗಳಲ್ಲಿ ಅವಳು ತೀರಿಕೊಂಡಳು. (ಜೋಸೆಫಸ್ ಜೂಬಾ ಸತ್ತಿದ್ದನೆಂದು ಬರೆಯುತ್ತಾನೆ. ಅದು ತಪ್ಪು, ಜೂಬಾ ಕ್ರಿ.ಶ. 23ರವರೆಗೆ ಬದುಕಿದ್ದ.)

ಅವಳ ಮಗ ಟೈಗ್ರೇನಿಸ್ ಆರ್ಮೇನಿಯದ ರಾಜನಾದ. ಕ್ರಿ.ಶ. 60ರಲ್ಲಿ ಚಕ್ರವರ್ತಿ ನೀರೊ ಅವಳ ಮೊಮ್ಮಗನೊಬ್ಬನನ್ನೂ ಅದೇ ಸಿಂಹಾಸನದಲ್ಲಿ ಕೂರಿಸಿದ.

ಕನ್ನಡ ಬೈಬಲಿನಲ್ಲಿ ಬರುವ ಹೆರೋದರೆಲ್ಲ ಒಬ್ಬರೇ ಏನು?

ಇಲ್ಲ, ಈ ಗೊಂದಲ ಬಹಳ ಜನರಿಗಿದೆ. ಯೇಸು ಹುಟ್ಟಿದ ಕಥೆಯಲ್ಲಿ ಬರುವವನು ಮಹಾ ಹೆರೋದ. ಸ್ನಾನಿಕ ಯೋಹಾನನ ತಲೆ ಕಡಿಸಿದವನು ಅವನ ಮಗ ಹೆರೋದ ಆಂಟಿಪಾಸ್. ಅಪೊಸ್ತಲ ಯಾಕೋಬನನ್ನು ಕೊಲ್ಲಿಸಿದವನು ಮೊಮ್ಮಗ ಒಂದನೆಯ ಅಗ್ರಿಪ್ಪ, ಮೇಲೆ ಹೇಳಿದ ಚಿನ್ನದ ಸರಪಳಿಯವನು. ಪೌಲನ ವಾದವನ್ನು ಕೇಳಿದವನು ಮರಿಮಗ ಎರಡನೆಯ ಅಗ್ರಿಪ್ಪ. ಅವನ ಪಕ್ಕದಲ್ಲಿ ಕುಳಿತಿದ್ದ ಬೆರ್ನಿಕೆ ಅವನ ತಂಗಿ. ಪೌಲನನ್ನು ಸೆರೆಯಲ್ಲಿಟ್ಟಿದ್ದ ರೋಮನ್ ಅಧಿಕಾರಿ ಫೇಲಿಕ್ಸನ ಹೆಂಡತಿ ದ್ರೂಸಿಲ್ಲ ಇನ್ನೊಬ್ಬ ತಂಗಿ. ಅವಳು ಫೇಲಿಕ್ಸನಿಗಾಗಿ ಎಮೆಸಾದ ಅರಸನನ್ನು ಬಿಟ್ಟು ಬಂದವಳು. ಅವಳ ಮಗ ವೆಸುವಿಯಸ್ ಅಗ್ನಿಪರ್ವತ ಸಿಡಿದಾಗ ಸತ್ತ.

ಬೆರ್ನಿಕೆಯ ಕಥೆ ಇನ್ನೂ ದೊಡ್ಡದು. ಯೆರೂಸಲೇಮನ್ನು ಸುಟ್ಟ ಟೈಟಸ್ ಅವಳನ್ನು ಪ್ರೀತಿಸಿದ, ಅವಳು ರೋಮಿಗೆ ಹೋಗಿ ಅವನೊಂದಿಗಿದ್ದಳು. ರೋಮಿನ ಜನ ಇನ್ನೊಬ್ಬ ಪೂರ್ವದೇಶದ ರಾಣಿಯನ್ನು ಸಹಿಸಲಿಲ್ಲ. ಟೈಟಸ್ ಚಕ್ರವರ್ತಿಯಾದಾಗ ಅವಳನ್ನು ಕಳುಹಿಸಿಬಿಟ್ಟ, ಅವನಿಗೂ ಮನಸ್ಸಿರಲಿಲ್ಲ, ಅವಳಿಗೂ ಇರಲಿಲ್ಲ.

ಈ ಅರಸರು ತಮ್ಮತಮ್ಮಲ್ಲೇ ಸೇರಿಕೊಂಡರೆ ರೋಮಿಗೆ ಭಯವಿತ್ತೇ?

ಬಹಳ. ಒಂದನೆಯ ಅಗ್ರಿಪ್ಪ ಗಲಿಲಾಯದ ತಿಬೇರಿಯದಲ್ಲಿ ಒಮ್ಮೆ ಐವರು ರಾಜರಿಗೆ ಆತಿಥ್ಯ ನೀಡಿದ್ದ: ಕೊಮಗೀನಿ, ಎಮೆಸಾ, ಪೊಂಟಸ್, ಕಿರಿಯ ಆರ್ಮೇನಿಯಗಳ ಅರಸರು, ಜೊತೆಗೆ ಕಾಲ್ಕಿಸ್‌ನ ಅರಸನಾಗಿದ್ದ ಅವನ ಸ್ವಂತ ಸಹೋದರ. ಸಿರಿಯದ ರೋಮನ್ ರಾಜ್ಯಪಾಲ ಮಾರ್ಸಸ್ ಬರುತ್ತಿದ್ದಾನೆಂದು ತಿಳಿದು ಗೌರವದಿಂದ ಎದುರುಗೊಳ್ಳಲು ಊರಾಚೆ ಏಳು ಸ್ಟೇಡಿಯ, ಅಂದರೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋದ. ಅತಿಥಿ ರಾಜರೆಲ್ಲ ಅವನ ರಥದಲ್ಲೇ ಕುಳಿತಿದ್ದರು. ಇಷ್ಟು ಜನ ಅರಸರು ಒಂದೇ ರಥದಲ್ಲಿ! ಮಾರ್ಸಸ್‌ಗೆ ಅದು ಗೌರವದಂತೆ ಕಾಣಲಿಲ್ಲ. ಒಬ್ಬೊಬ್ಬರ ಬಳಿಗೂ ತನ್ನವರನ್ನು ಕಳುಹಿಸಿ, ತಡಮಾಡದೆ ನಿಮ್ಮ ನಿಮ್ಮ ಊರಿಗೆ ಹೊರಡಿ ಎಂದು ಹೇಳಿಸಿದ. ಅವರು ಹೊರಟರು. ಕ್ರಿ.ಶ. 44ರಲ್ಲಿ ಅಗ್ರಿಪ್ಪ ಸತ್ತಾಗ ಹದಿನೇಳರ ಮಗನಿಗೆ ತಂದೆಯ ರಾಜ್ಯವನ್ನು ಕೊಡಲಿಲ್ಲ.

ರೋಮಿಗೆ ಇವರು ಏನು ಕೊಡುತ್ತಿದ್ದರು?

ಮುಖ್ಯವಾಗಿ ಸೈನ್ಯ ಮತ್ತು ದವಸಧಾನ್ಯ. ಯೆಹೂದಿ ದಂಗೆಯನ್ನು ಅಡಗಿಸಲು ಕ್ರಿ.ಶ. 67ರಲ್ಲಿ ಕೊಮಗೀನಿಯ ಅಂತಿಯೋಕಸ್, ಎರಡನೆಯ ಅಗ್ರಿಪ್ಪ, ಎಮೆಸಾದ ಸೊಹೆಮಸ್ ತಲಾ 2,000 ಕಾಲಾಳು ಬಿಲ್ಲುಗಾರರನ್ನೂ 1,000 ಕುದುರೆ ಸವಾರರನ್ನೂ ಕಳುಹಿಸಿದರು, ನಬತಾಯದ ಮಾಲ್ಕಸ್ 1,000 ಸವಾರರನ್ನೂ 5,000 ಕಾಲಾಳುಗಳನ್ನೂ ಕಳುಹಿಸಿದ. ಅಗ್ರಿಪ್ಪ ತನ್ನ ಜನರ ಮೇಲೆಯೇ ಸೈನ್ಯ ಕಳುಹಿಸಬೇಕಾಯಿತು ಎಂಬುದನ್ನು ಗಮನಿಸಿ. ಚಕ್ರವರ್ತಿಯ ಹೆಸರಿನಲ್ಲಿ ಊರು ಕಟ್ಟುವುದೂ ಒಂದು ಕಾಣಿಕೆ. ಹೆರೋದನ ಬಂದರು ಕೈಸರೈಯ, ಜೂಬಾನ ರಾಜಧಾನಿ ಕೈಸರೈಯ, ಎಲ್ಲವೂ ಸೀಸರನ ಹೆಸರೇ.

ಹೆಂಗಸರು ಸ್ವತಃ ಆಳಿದ್ದುಂಟೇ?

ಉಂಟು. ಪೊಲೆಮೊನ್ ಯುದ್ಧದಲ್ಲಿ ಸತ್ತ ಮೇಲೆ ಪೊಂಟಸನ್ನು ಆಳಿದವಳು ಅವನ ಹೆಂಡತಿ ಪಿಥೊಡೋರಿಸ್. ಆ ಪ್ರದೇಶದಲ್ಲೇ ಹುಟ್ಟಿದ ಭೂಗೋಳಕಾರ ಸ್ಟ್ರೇಬೊ ಅವಳನ್ನು ಬುದ್ಧಿವಂತೆ, ರಾಜ್ಯಭಾರಕ್ಕೆ ಸಮರ್ಥಳು ಎಂದು ಮನಸಾರೆ ಹೊಗಳಿದ್ದಾನೆ. ಅವಳು ಮುಂದೆ ಗ್ಲಾಫಿರಾಳ ತಂದೆ ಆರ್ಕೆಲೌಸ್‌ನನ್ನು ಮದುವೆಯಾದಳು (ಕುಟುಂಬ ಮತ್ತೆ ಸುತ್ತಿಕೊಂಡಿತು). ಅವಳ ಮಗಳ ಮೂವರು ಗಂಡುಮಕ್ಕಳು ಕ್ಯಾಲಿಗುಲನ ಜೊತೆಗೆ ಬೆಳೆದವರು. ಅವನು ಮೂವರಿಗೂ ಒಂದೊಂದು ರಾಜ್ಯ ಕೊಟ್ಟ. ಬ್ರಿಟನ್ನಿನಲ್ಲಿ ಬ್ರಿಗಾಂಟೀಸರ ರಾಣಿ ಕಾರ್ಟಿಮಾಂಡುವಾ ಕ್ರಿ.ಶ. 51ರಲ್ಲಿ ತನ್ನಲ್ಲಿ ಆಶ್ರಯ ಬೇಡಿ ಬಂದ, ರೋಮಿನ ವಿರುದ್ಧ ಹೋರಾಡಿದ್ದ ಕರಾಟಕಸ್‌ನನ್ನು ರೋಮಿಗೆ ಒಪ್ಪಿಸಿ ಪಟ್ಟ ಉಳಿಸಿಕೊಂಡಳು.

ಅದೇ ಬ್ರಿಟನ್ನಿನಲ್ಲಿ ಐಸೀನಿ ಜನರ ಅರಸ ಪ್ರಸುಟಾಗಸ್ ಸಾಯುವಾಗ ತನ್ನ ಇಬ್ಬರು ಹೆಣ್ಣುಮಕ್ಕಳ ಜೊತೆಗೆ ಚಕ್ರವರ್ತಿಯನ್ನೂ ವಾರಸುದಾರನೆಂದು ಉಯಿಲು ಬರೆದ. ಹಾಗೆ ಮಾಡಿದರೆ ಮನೆ ಉಳಿದೀತೆಂಬ ಆಸೆ. ರೋಮಿನ ಅಧಿಕಾರಿಗಳು ಎಲ್ಲವನ್ನೂ ದೋಚಿದರು, ಹೆಂಡತಿ ಬೌಡಿಕಾಳನ್ನು ಚಾವಟಿಯಿಂದ ಹೊಡೆದರು, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ಬೌಡಿಕಾ ದಂಗೆ ಎದ್ದಳು, ಲಂಡನ್ ಉರಿಯಿತು. ‘ಮಿತ್ರ ಮತ್ತು ಸಂಗಾತಿ’ ಎಂಬ ಮಾತಿನ ಬೆಲೆ ಎಷ್ಟೆಂದು ತಿಳಿಯಲು ಆ ಮನೆಯ ಕಥೆ ಓದಬೇಕು.

ರಾಜ್ಯಗಳು ಹೇಗೆ ಕೊನೆಗೊಂಡವು?

ಒಂದೊಂದಕ್ಕೆ ಒಂದೊಂದು ನೆಪ. ಅರ್ಖೆಲಾಯನ ಮೇಲೆ ಪ್ರಜೆಗಳೇ ದೂರು ಕೊಟ್ಟರು, ಕ್ರಿ.ಶ. 6ರಲ್ಲಿ ಅವನನ್ನು ಗಾಲ್ ದೇಶಕ್ಕೆ ಗಡೀಪಾರು ಮಾಡಿ ಯೂದಾಯವನ್ನು ಪ್ರಾಂತ ಮಾಡಿಕೊಂಡರು. ಕಪಡೋಶಿಯದ ಆರ್ಕೆಲೌಸ್ ದಶಕಗಳ ಕಾಲ ಆಳಿದ ಮುದುಕ. ಟೈಬೀರಿಯಸ್ ಹಿಂದೆ ರೋಡ್ಸ್‌ನಲ್ಲಿ ಅಧಿಕಾರವಿಲ್ಲದೆ ಇದ್ದಾಗ ಇವನು ಅವನನ್ನು ಮಾತನಾಡಿಸಿರಲಿಲ್ಲ. ಆ ಹಗೆ ಟೈಬೀರಿಯಸ್‌ನ ಮನಸ್ಸಿನಲ್ಲಿ ಉಳಿದಿತ್ತು. ರೋಮಿಗೆ ಕರೆಸಿ ವಿಚಾರಣೆಗೆ ನಿಲ್ಲಿಸಿದರು, ಅಲ್ಲಿಯೇ ಸತ್ತ. ಕ್ರಿ.ಶ. 17ರಲ್ಲಿ ಅವನ ರಾಜ್ಯ ಪ್ರಾಂತವಾಯಿತು. ಅಲ್ಲಿಂದ ಬರುವ ಆದಾಯವನ್ನು ನಂಬಿ ರೋಮಿನಲ್ಲಿ ಶೇಕಡಾ 1ರಷ್ಟಿದ್ದ ಮಾರಾಟ ತೆರಿಗೆಯನ್ನು ಅರ್ಧಕ್ಕೆ ಇಳಿಸಿದರು.

ಜೂಬಾ ಮತ್ತು ಸೆಲೀನಿಯ ಮಗ ಟಾಲೆಮಿ ರೋಮಿಗೆ ನಿಷ್ಠನಾಗಿದ್ದ, ಉತ್ತರ ಆಫ್ರಿಕದಲ್ಲಿ ರೋಮಿನ ವಿರುದ್ಧ ಎದ್ದ ಟಾಕ್‌ಫರಿನಾಸ್‌ನ ದಂಗೆ ಅಡಗಿಸಲು ನೆರವಾಗಿ ಸೆನೆಟ್‌ನಿಂದ ದಂತದ ರಾಜದಂಡ ಪಡೆದಿದ್ದ. ಕ್ರಿ.ಶ. 40ರಲ್ಲಿ ಕ್ಯಾಲಿಗುಲ ಅವನನ್ನು ಕರೆಸಿ, ಸತ್ಕರಿಸಿ, ಕೊಲ್ಲಿಸಿದ. ಟಾಲೆಮಿ ಹೊದ್ದ ಕೆನ್ನೀಲಿ ನಿಲುವಂಗಿ ಆಟದ ಅಂಗಳದಲ್ಲಿ ಎಲ್ಲರ ಕಣ್ಣು ಸೆಳೆದದ್ದೇ ಕಾರಣವೆಂದು ಸ್ವೆಟೋನಿಯಸ್, ಅವನ ಸಂಪತ್ತೇ ಕಾರಣವೆಂದು ಇತಿಹಾಸಕಾರ ಕ್ಯಾಸಿಯಸ್ ಡಿಯೊ ಹೇಳುತ್ತಾರೆ. ಕೆನ್ನೀಲಿ ಬಣ್ಣದ ಉದ್ಯಮ ಕಟ್ಟಿದ ತಂದೆಯ ಮಗನಿಗೆ ಆ ಬಣ್ಣದ ಹೆಸರಿನಲ್ಲೇ ಸಾವು ಬಂತು. ಸಂಬಂಧದಲ್ಲಿ ಟಾಲೆಮಿ ಕ್ಯಾಲಿಗುಲನ ತಂದೆಗೆ ಹತ್ತಿರದ ಸೋದರಸಂಬಂಧಿ. ಇಬ್ಬರ ಮೈಯಲ್ಲೂ ಆಂಟನಿಯ ರಕ್ತವಿತ್ತು. ಕ್ಲಾಡಿಯಸ್ ಮೌರಿಟೇನಿಯವನ್ನು ಎರಡು ಪ್ರಾಂತಗಳಾಗಿ ಒಡೆದ.

ನಬತಾಯ ಉಳಿದದ್ದು ಕ್ರಿ.ಶ. 106ರವರೆಗೆ. ಕಪ್ಪು ಸಮುದ್ರದಾಚೆಯ ಬಾಸ್ಪೊರಸ್ ಮಾತ್ರ ನಾಲ್ಕನೆಯ ಶತಮಾನದವರೆಗೂ ಬಾಳಿತು.

ಸಿಂಹಾಸನ ಹೋದ ಮೇಲೆ ಆ ಮನೆತನದವರು ಏನಾದರು?

ಬಹಳಷ್ಟು ಮಂದಿ ರೋಮನ್ ಶ್ರೀಮಂತರಾದರು. ಕೊಮಗೀನಿಯ ಮನೆತನದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ನೆಮ್ರುತ್ ಬೆಟ್ಟದ ನೆತ್ತಿಯಲ್ಲಿ ದೇವರುಗಳ ಸಾಲಿನಲ್ಲಿ ತನ್ನ ವಿಗ್ರಹವನ್ನೂ ಕೂರಿಸಿದ ಒಂದನೆಯ ಅಂತಿಯೋಕಸ್‌ನ ವಂಶ ಅದು. ಟೈಬೀರಿಯಸ್ ಅವರ ರಾಜ್ಯ ಕಿತ್ತುಕೊಂಡ, ಕ್ಯಾಲಿಗುಲ ಹತ್ತು ಕೋಟಿ ಸೆಸ್ಟರ್ಸ್ ಹಣದೊಂದಿಗೆ ಮರಳಿ ಕೊಟ್ಟ, ಮತ್ತೆ ತಾನೇ ಕಿತ್ತುಕೊಂಡ, ಕ್ಲಾಡಿಯಸ್ ಕ್ರಿ.ಶ. 41ರಲ್ಲಿ ಇನ್ನೊಮ್ಮೆ ಕೊಟ್ಟ. ಕ್ರಿ.ಶ. 72ರಲ್ಲಿ ಸಿರಿಯದ ರಾಜ್ಯಪಾಲ, ನಾಲ್ಕನೆಯ ಅಂತಿಯೋಕಸ್ ಪಾರ್ಥಿಯನ್ನರೊಂದಿಗೆ ಸಂಚು ಮಾಡುತ್ತಿದ್ದಾನೆಂದು ಚಕ್ರವರ್ತಿ ವೆಸ್ಪಾಸಿಯನ್‌ಗೆ ಬರೆದು ಸೈನ್ಯ ನುಗ್ಗಿಸಿದ. ವೃದ್ಧ ಅರಸ ಯುದ್ಧ ಮಾಡಲು ಒಪ್ಪಲಿಲ್ಲ, ಮಕ್ಕಳು ಮಾತ್ರ ಒಂದು ದಿನವಿಡೀ ಕಾದಿದರು. ಅಂತಿಯೋಕಸ್‌ನನ್ನು ಸರಪಳಿ ಹಾಕಿ ಕರೆದೊಯ್ಯುವಾಗ ವೆಸ್ಪಾಸಿಯನ್ ಹಳೆಯ ಸ್ನೇಹ ನೆನೆದು ಬಿಚ್ಚಿಸಿದ. ಅವರ ರಾಜಧಾನಿ ಸಮೊಸಾಟ ಇಂದು ಅತಾತುರ್ಕ್ ಅಣೆಕಟ್ಟಿನ ಹಿನ್ನೀರಿನಡಿ ಮುಳುಗಿದೆ.

ಆ ಅರಸನ ಮೊಮ್ಮಗ ಫಿಲೊಪಾಪಸ್ ಅಥೆನ್ಸ್‌ನಲ್ಲಿ ನೆಲೆಸಿ, ಕ್ರಿ.ಶ. 109ರಲ್ಲಿ ರೋಮಿನ ಉನ್ನತ ಪದವಿಯಾದ ಕಾನ್ಸಲ್ ಆದ. ಅಕ್ರೊಪೊಲಿಸ್ ಎದುರಿನ ಗುಡ್ಡದ ಮೇಲೆ ಇಂದಿಗೂ ಅವನ ಅಮೃತಶಿಲೆಯ ಸಮಾಧಿಯಿದೆ. ಅಲ್ಲಿ ಲ್ಯಾಟಿನ್ ಬರಹ ಅವನ ರೋಮನ್ ಪದವಿಗಳನ್ನು ಹೇಳಿದರೆ, ಗ್ರೀಕ್ ಬರಹ ಅವನನ್ನು ‘ರಾಜ’ ಎನ್ನುತ್ತದೆ. ಆಳಲು ಒಂದು ಹಳ್ಳಿಯೂ ಇರದವನ ಹೆಸರಿನ ಮುಂದೆ!

ಅವನ ತಂಗಿ ಜೂಲಿಯಾ ಬಾಲ್ಬಿಲ್ಲಾ ಕವಯಿತ್ರಿ. ಕ್ರಿ.ಶ. 130ರಲ್ಲಿ ಚಕ್ರವರ್ತಿ ಹೇಡ್ರಿಯನ್ ಮತ್ತು ರಾಣಿ ಸಬೀನಾ ಜೊತೆ ಈಜಿಪ್ಟಿಗೆ ಹೋದಳು. ಈಗಿನ ಲಕ್ಸರ್ ಎದುರು ದಂಡೆಯಲ್ಲಿ ಮೆಮ್ನಾನ್ ಎಂದು ಕರೆಯುತ್ತಿದ್ದ ದೈತ್ಯ ವಿಗ್ರಹ ಮುಂಜಾನೆ ದನಿ ಹೊರಡಿಸುತ್ತಿತ್ತು. ಅದನ್ನು ಕೇಳಿ ನಾಲ್ಕು ಕವಿತೆ ಬರೆದು ವಿಗ್ರಹದ ಕಾಲಿನ ಮೇಲೆ ಕೆತ್ತಿಸಿದಳು, ಅದೂ ಆ ಹೊತ್ತಿಗೆ ಯಾರೂ ಆಡದಿದ್ದ ಹಳೆಯ ಐಯೋಲಿಕ್ ಗ್ರೀಕಿನಲ್ಲಿ. ಚಕ್ರವರ್ತಿಯ ಹೊಗಳಿಕೆ ಅಲ್ಲಿದೆ, ಇರಲೇಬೇಕು. ಆದರೆ ಒಂದು ಕವಿತೆಯ ಕೊನೆಗೆ ಅವಳು ತನ್ನವರನ್ನೂ ಸೇರಿಸಿದ್ದಾಳೆ: ತಾಯಿಯ ತಂದೆ ಬಾಲ್ಬಿಲ್ಲಸ್, ತಂದೆಯ ತಂದೆ ಅರಸ ಅಂತಿಯೋಕಸ್. ಕೊಮಗೀನಿ ಪ್ರಾಂತವಾಗಿ ಆಗಲೇ 58 ವರ್ಷ ಕಳೆದಿತ್ತು.